ಹುಟ್ಟಿದ ಮಗುವಿನ ಕಿವಿ ಪರೀಕ್ಷೆ: ಹೊಸ ಸಿಸ್ಟರ್‌ಗಳಿಗೆ ಏನು ಕಲಿಸಬೇಕು?

ಉಪ್ಪಳ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಗಡಿಯ ಕಾಸರಗೋಡು ಜಿಲ್ಲೆಯಲ್ಲಿ, ಉಪ್ಪಳ ಕಡೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹದಿನಾಲ್ಕು ವರ್ಷವಾಯಿತು. ಹೋದ ತಿಂಗಳು ನಮ್ಮಲ್ಲಿಗೆ ಹುಟ್ಟಿದ ಮಕ್ಕಳ ಕಿವಿ ಪರೀಕ್ಷೆ ಮಾಡುವ ಒಎಇ ಮೆಷಿನ್ ಬಂತು. ತಂದುಕೊಟ್ಟವರು ಒಂದು ಗಂಟೆ ಕೂತು ಯಾವ ಬಟನ್ ಒತ್ತಬೇಕು, ಚಾರ್ಜ್ ಹೇಗೆ ಹಾಕಬೇಕು, ಚೀಟಿ ಹೇಗೆ ಪ್ರಿಂಟ್ ತೆಗೆಯಬೇಕು ಅಂತ ತೋರಿಸಿ ಹೋದರು. ನಮಗೆ ಸಿಕ್ಕಿದ ತರಬೇತಿ ಅಷ್ಟೇ.

ಮೊದಲ ವಾರ ತುಂಬಾ ಮಕ್ಕಳಿಗೆ 'ರೆಫರ್', ಅಂದರೆ ಪಾಸ್ ಆಗಲಿಲ್ಲ, ಮತ್ತೆ ನೋಡಿಸಬೇಕು ಅಂತ ಬಂತು. ಕೆಲವರಿಗೆ ಎರಡೂ ಕಿವಿ. ಬಾಣಂತಿಯರ ಅಳು, ಮನೆಯವರ ಪ್ರಶ್ನೆ, ಗಲ್ಫಿನಿಂದ ಗಂಡಂದಿರ ಫೋನು. ಎರಡನೇ ವಾರ ಉಲ್ಟಾ ಆಯಿತು. ನಮ್ಮ ಹುಡುಗಿಯರಿಗೆ ಆ ಅಳು ನೋಡಲಾಗಲಿಲ್ಲ. ಪಾಸ್ ಬರುವವರೆಗೆ ಐದಾರು ಸಲ ಹಾಕಿ ನೋಡತೊಡಗಿದರು. ಒಬ್ಬಳು ಚೀಟಿಯನ್ನೇ ಕೊಡದೆ, "ಏನಿಲ್ಲ ಅಕ್ಕ, ಕಿವಿಯಲ್ಲಿ ನೀರಿದೆ, ಸರಿ ಹೋಗುತ್ತದೆ" ಅಂತ ಒಂದು ಮಗುವನ್ನು ಮನೆಗೆ ಕಳಿಸಿಬಿಟ್ಟಿದ್ದಾಳೆ. ನನಗೆ ಅವಳ ಮೇಲೆ ಕೋಪ ಬರಲಿಲ್ಲ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದವಳು ನಾನು, ನನಗೇ ಗೊತ್ತಿರಲಿಲ್ಲ.

ಬರುವ ವಾರ ಆರು ಜನ ಹೊಸಬರು ಸೇರುತ್ತಾರೆ. ಅವರಲ್ಲಿ ನಾಲ್ವರು ಕೇರಳದ ತೆಂಕಣ ಜಿಲ್ಲೆಗಳವರು, ಮಲಯಾಳ ಬಿಟ್ಟರೆ ನಮ್ಮ ಕನ್ನಡ, ತುಳು ಒಂದೂ ಬಾರದು. ನಮ್ಮ ಡಾಕ್ಟರು ತರಬೇತಿಗೆ ಎರಡು ದಿನ ಕೊಟ್ಟಿದ್ದಾರೆ. ಆ ಎರಡು ದಿನದಲ್ಲಿ ನಾನು ಏನು ಕಲಿಸಲಿ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಗಡಿನಾಡ ಆಡಿಯಾಲಜಿಸ್ಟ್

ಸಿಸ್ಟರ್, ಮೊದಲು ಒಂದು ಕೆಲಸ. ಚೀಟಿ ಇಲ್ಲದೆ ಮನೆಗೆ ಹೋದ ಆ ಮಗು ಎಲ್ಲಿದೆ ಅಂತ ಇವತ್ತೇ ಹುಡುಕಿ. ಬೇರೆ ಎಲ್ಲ ಆಮೇಲೆ.

ಈಗ ತರಬೇತಿಯ ವಿಷಯ. ನಾನು ಕಾಸರಗೋಡು, ದಕ್ಷಿಣ ಕನ್ನಡ ಎರಡೂ ಕಡೆ ಸಿಸ್ಟರ್‌ಗಳಿಗೆ ಇದನ್ನು ಕಲಿಸುತ್ತಾ ಬಂದಿದ್ದೇನೆ. ಮೆಷಿನ್‌ಗೆ ಅರ್ಧ ದಿನ ಸಾಕು. ಉಳಿದ ಒಂದೂವರೆ ದಿನ ಮಗುವನ್ನು ಹಿಡಿಯುವುದಕ್ಕೆ, ತಾಯಿಯ ಹತ್ತಿರ ಮಾತಾಡುವುದಕ್ಕೆ, ರಿಜಿಸ್ಟರ್ ಬರೆಯುವುದಕ್ಕೆ ಬೇಕು. ಹೆಚ್ಚಿನ ಕಡೆ ಇದು ತಲೆಕೆಳಗಾಗಿದೆ. ಹಾಗಾಗಿಯೇ ನಿಮ್ಮಲ್ಲಿ ಆದದ್ದು ಎಲ್ಲ ಕಡೆಯೂ ಆಗುತ್ತದೆ.

ಮೆಷಿನ್ ಏನು ಮಾಡುತ್ತದೆ ಅಂತ ಹುಡುಗಿಯರಿಗೆ ಮೊದಲೇ ಹೇಳಿ. ಒಳಕಿವಿಯಲ್ಲಿ ಶಂಖದ ಹಾಗೆ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗಿನ ಸಣ್ಣ ಕೂದಲು ಕೋಶಗಳು ಶಬ್ದ ಬಿದ್ದಾಗ ತಾವೂ ಅಲುಗಾಡುತ್ತವೆ. ಆಗ ಬಹಳ ಸಣ್ಣ ಶಬ್ದವೊಂದು ತಿರುಗಿ ಹೊರಗೆ ಬರುತ್ತದೆ. ಇಂಗ್ಲೆಂಡಿನ ಡೇವಿಡ್ ಕೆಂಪ್ 1978ರಲ್ಲಿ ಇದನ್ನು ಅಳೆದು ತೋರಿಸಿದರು. ನಿಮ್ಮ ಮೆಷಿನ್ ಕಿವಿಗೆ ಶಬ್ದ ಕಳಿಸಿ, ಆ ಮರುಶಬ್ದ ಬರುತ್ತದೋ ಅಂತ ಕಾಯುತ್ತದೆ. ಶಬ್ದ ಒಳಗೆ ಹೋಗಬೇಕು, ಮರುಶಬ್ದ ಅದೇ ದಾರಿಯಲ್ಲಿ ಹೊರಗೆ ಬರಬೇಕು. ದಾರಿಯಲ್ಲಿ ಏನೇ ಅಡ್ಡ ಇದ್ದರೂ ರೆಫರ್. ಇದು ಅರ್ಥವಾದರೆ ಅರ್ಧ ತಪ್ಪು ತಾನಾಗಿ ನಿಲ್ಲುತ್ತದೆ.

ಅಡ್ಡ ಏನಿರುತ್ತದೆ? ಹುಟ್ಟುವಾಗ ಮೈಗೆ ಅಂಟಿಕೊಂಡಿರುವ ಬಿಳಿ ಮೇಣದಂಥದ್ದು ಕಿವಿಯಲ್ಲೂ ಇರುತ್ತದೆ. ಗರ್ಭದ ನೀರೂ ಇರುತ್ತದೆ. ಸಿಸೇರಿಯನ್ ಆದ ಮಕ್ಕಳಲ್ಲಿ ಮೊದಲ ದಿನ ಇದು ಜಾಸ್ತಿ ಕಾಣುತ್ತದೆ. ಹಾಗಾಗಿ ಹುಟ್ಟಿದ 24 ಗಂಟೆಯೊಳಗೆ ಪರೀಕ್ಷೆ ಮಾಡಬೇಡಿ. 48 ಗಂಟೆ ಕಾಯಲು ಆದರೆ ಇನ್ನೂ ಒಳ್ಳೆಯದು. ಮೊದಲ ವಾರ ನಿಮ್ಮಲ್ಲಿ ಅಷ್ಟು ರೆಫರ್ ಬಂದದ್ದಕ್ಕೆ ಇದೇ ಮುಖ್ಯ ಕಾರಣ ಇರಬಹುದು. ಎಷ್ಟು ಗಂಟೆಯ ಮಗುವಿಗೆ ಮಾಡಿದ್ದೀರಿ ಅಂತ ರಿಜಿಸ್ಟರ್ ನೋಡಿ.

ಇನ್ನೊಂದು ವಿಷಯ ಪ್ರೋಬ್, ಅಂದರೆ ಮೆಷಿನ್ನಿನಿಂದ ಕಿವಿಗೆ ಇಡುವ ತುದಿ, ಕೂರಿಸುವುದು. ಕಲಿಯಲು ಕಷ್ಟ ಇರುವುದು ಇದೊಂದೇ, ಇದಕ್ಕೆ ಪುಸ್ತಕ ಸಾಲದು, ಕೈಯೇ ಕಲಿಯಬೇಕು. ಹಸುಗೂಸಿನ ಕಿವಿಯನ್ನು ದೊಡ್ಡವರ ಹಾಗೆ ಮೇಲಕ್ಕೆ ಎಳೆಯಬಾರದು. ಮೆಲ್ಲನೆ ಕೆಳಕ್ಕೆ ಮತ್ತು ಹಿಂದಕ್ಕೆ. ಆಗ ದಾರಿ ತೆರೆಯುತ್ತದೆ. ಕಿವಿಗೆ ಸರಿಯಾದ ಸೈಜಿನ ಟಿಪ್ ಹಾಕಿ, ಸ್ವಲ್ಪ ತಿರುಗಿಸಿ ಕೂರಿಸಿ, ಕೈ ಬಿಡಿ. ಕೈ ಬಿಟ್ಟರೂ ನಿಂತರೆ ಸರಿಯಾಗಿ ಕೂತಿದೆ ಅಂತ ಅರ್ಥ. ಒತ್ತಿ ಹಿಡಿದುಕೊಂಡು ಪರೀಕ್ಷೆ ಮಾಡಿದರೆ ಟಿಪ್ಪಿನ ಬಾಯಿ ಕಿವಿಯ ಗೋಡೆಗೆ ತಾಗಿ ಮುಚ್ಚಿಹೋಗುತ್ತದೆ. ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುವಾಗ ಹೊಸ ಟಿಪ್. ಟಿಪ್ಪಿನ ತೂತಿನಲ್ಲಿ ಏನಾದರೂ ಸೇರಿಕೊಂಡಿದೆಯೇ ಅಂತ ಪ್ರತಿ ಸಲ ಬೆಳಕಿಗೆ ಹಿಡಿದು ನೋಡಬೇಕು. ದಿನಾ ಬೆಳಿಗ್ಗೆ ಮೆಷಿನ್ ಜೊತೆ ಬಂದ ಪರೀಕ್ಷೆಯ ಕುಳಿಗೆ ಪ್ರೋಬ್ ಸಿಕ್ಕಿಸಿ ಅದೇ ಸರಿ ಇದೆಯೇ ಅಂತ ನೋಡಿ.

ಮಗು ಹಾಲು ಕುಡಿದು, ತೇಗಿ, ಬಟ್ಟೆ ಸುತ್ತಿಸಿಕೊಂಡು ಮಲಗಿರಬೇಕು. ಫ್ಯಾನ್ ಬಂದ್. ಮೊಬೈಲ್ ಹೊರಗೆ. ನೋಡಲು ಬಂದವರೂ ಹೊರಗೆ. ವಾರ್ಡಿನಲ್ಲೇ ಮಾಡಬೇಡಿ, ಒಂದು ಸಣ್ಣ ಕೋಣೆ ಹುಡುಕಿಕೊಳ್ಳಿ.

ಹಾಗೇ, ಪಾಸ್ ಬರುವವರೆಗೆ ಹಾಕಿ ನೋಡುವುದನ್ನು ಇವತ್ತೇ ನಿಲ್ಲಿಸಿ. ಒಮ್ಮೆ ಸರಿಯಾಗಿ ಮಾಡಿ. ರೆಫರ್ ಬಂದರೆ ಪ್ರೋಬ್ ತೆಗೆದು, ಟಿಪ್ ನೋಡಿ, ಇನ್ನೊಮ್ಮೆ ಕೂರಿಸಿ ಮಾಡಿ. ಅಲ್ಲಿಗೆ ನಿಲ್ಲಿಸಿ. ಹತ್ತು ಸಲ ಹಾಕಿದರೆ ಯಾವುದೋ ಒಂದು ಸಲ ಸುಮ್ನೆ ಪಾಸ್ ಬಂದುಬಿಡಬಹುದು. ಆ ಪಾಸ್ ನಂಬಿ ಮನೆಗೆ ಹೋದ ಮಗುವನ್ನು ಆಮೇಲೆ ಯಾರೂ ಹುಡುಕುವುದಿಲ್ಲ.

ಉಪ್ಪಳ ಸಿಸ್ಟರ್

ತುಂಬಾ ಉಪಕಾರ ಸರ್. ರಿಜಿಸ್ಟರ್ ನೋಡಿದೆ. ನೀವು ಹೇಳಿದ್ದು ಸರಿ. ಮೊದಲ ವಾರ ರೆಫರ್ ಬಂದವರಲ್ಲಿ ಹೆಚ್ಚಿನವರು ಹುಟ್ಟಿ ಎಂಟು, ಹತ್ತು ಗಂಟೆಯ ಮಕ್ಕಳು. ಬೆಳಗಿನ ರೌಂಡ್ಸ್‌ಗೆ ಮೊದಲು ಮುಗಿಸಬೇಕು ಅಂತ ಅವಸರ ಮಾಡಿದೆವು.

ಆ ಮಗುವಿನ ತಾಯಿಯ ಫೋನಿಗೆ ಕರೆ ಮಾಡಿದರೆ ಸ್ವಿಚ್ ಆಫ್. ಕಾರ್ಡಿನಲ್ಲಿ ಬರೆದ ವಿಳಾಸ ಗಂಡನ ಮನೆಯದು. ಅಲ್ಲಿ ವಿಚಾರಿಸಿದರೆ ಬಾಣಂತಿ ತವರಿಗೆ ಹೋಗಿದ್ದಾಳೆ, ಪೆರ್ಲದ ಆಚೆ ಅಂದರು. ಹುಡುಕುತ್ತಿದ್ದೇನೆ.

ಕುಂಬಳೆಯ ತಾಯಿ

ನಾನು ಸಿಸ್ಟರೂ ಅಲ್ಲ, ಡಾಕ್ಟರೂ ಅಲ್ಲ. ಆದರೆ "ಕಿವಿಯಲ್ಲಿ ನೀರಿದೆ, ಸರಿ ಹೋಗುತ್ತದೆ" ಅನ್ನುವ ಮಾತು ಓದಿ ಕೈ ನಡುಗಿತು. ಅದೇ ಮಾತು ನನಗೂ ಹೇಳಿದ್ದರು.

ನನ್ನ ಮಗಳು ಹುಟ್ಟಿದ್ದು 2020ರ ಮಾರ್ಚ್ ಮೊದಲ ವಾರ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಡಿಸ್ಚಾರ್ಜ್ ದಿನ ಒಬ್ಬರು ಬಂದು ಕಿವಿಗೆ ಏನೋ ಇಟ್ಟು ನೋಡಿದರು. ನೀರಿರಬೇಕು, ಎರಡು ವಾರ ಬಿಟ್ಟು ಬನ್ನಿ ಅಂದರು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ತಲಪಾಡಿಯಲ್ಲಿ ರಸ್ತೆ ಮುಚ್ಚಿದರು. ಆಗ ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯವರು ಪಟ್ಟ ಕಷ್ಟ ನಿಮಗೆಲ್ಲ ಗೊತ್ತು. ಜೀವ ಹೋಗುವ ರೋಗಿಗಳಿಗೇ ದಾರಿ ಇರಲಿಲ್ಲ, ಕಿವಿ ಪರೀಕ್ಷೆಗೆ ಅಂತ ಯಾರು ಬಿಡುತ್ತಾರೆ? ಆಸ್ಪತ್ರೆಯಿಂದ ಒಂದು ಫೋನೂ ಬರಲಿಲ್ಲ. ನೀರು ತಾನೇ ಅಂತ ನಾವೂ ಮರೆತೆವು.

ಮಗಳು ಚೂಟಿಯಾಗಿದ್ದಳು. ಬಾಗಿಲು ದಡಾರಂತ ಹಾಕಿದರೆ ಎಚ್ಚರವಾಗುತ್ತಿದ್ದಳು. ಅತ್ತೆ ಸ್ಟೀಲ್ ತಟ್ಟೆ ಬಡಿದು ನೋಡಿದರು, ತಿರುಗಿದಳು. ನನ್ನ ನೆರಳು ಕಂಡರೆ ನಗುತ್ತಿದ್ದಳು. ಒಂದು ವರ್ಷ ಕಳೆದರೂ ಮಾತಿಲ್ಲ. ಮನೆಯಲ್ಲಿ ತುಳು, ನಾವಿಬ್ಬರು ಮಾತಾಡುವುದು ಕನ್ನಡ, ಪಕ್ಕದ ಮನೆಯಲ್ಲಿ ಮಲಯಾಳ. "ಮೂರು ಭಾಷೆ ಕೇಳಿ ಮಗುವಿಗೆ ಗೊಂದಲ ಆಗಿದೆ" ಅಂತ ಎಲ್ಲರೂ ಹೇಳಿದರು. "ಅಪ್ಪನೂ ತಡವಾಗಿಯೇ ಮಾತಾಡಿದ್ದು" ಅಂತ ಅತ್ತೆ ಹೇಳಿದರು. ಕೊನೆಗೆ ಒಂದು ವರ್ಷ ಎಂಟು ತಿಂಗಳಾದಾಗ ಕಿವಿಯ ನರ ನೋಡುವ ಬೆರಾ ಟೆಸ್ಟ್ ಮಾಡಿಸಿದೆವು. ಎರಡೂ ಕಿವಿಗೆ ತುಂಬಾ ಕಡಿಮೆ ಕೇಳಿಸುತ್ತದೆ ಅಂತ ಗೊತ್ತಾಯಿತು. ಬಾಗಿಲಿನ ಅದುರುವಿಕೆ ಅವಳ ಮೈಗೆ ತಾಗುತ್ತಿತ್ತು. ತಟ್ಟೆ ಬಡಿದಾಗ ಅಜ್ಜಿಯ ಕೈ ಆಡಿದ್ದನ್ನು ಅವಳು ನೋಡಿದ್ದಳು.

ಈಗ ಕಿವಿಗೆ ಕೇಳುವ ಮೆಷಿನ್ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ, ಮಾತಾಡುತ್ತಾಳೆ. ಆದರೆ ಆ ಇಪ್ಪತ್ತು ತಿಂಗಳು ನನಗೆ ಯಾರೂ ತಿರುಗಿ ಕೊಡುವುದಿಲ್ಲ. ನಾನು ಅವಳಿಗೆ ಹಾಡಿದ ಜೋಗುಳ ಒಂದೂ ಅವಳಿಗೆ ಕೇಳಿಸಿರಲಿಲ್ಲ.

ಸಿಸ್ಟರ್, ನಿಮ್ಮ ಹುಡುಗಿಯರಿಗೆ ಇದನ್ನು ಓದಿ ಹೇಳಿ. ನನಗೆ ಅವತ್ತು ಹೆದರಿಸಿದ್ದರೂ ಪರವಾಗಿರಲಿಲ್ಲ. ಒಂದು ತಾರೀಕು ಬರೆದುಕೊಟ್ಟು, ಆ ತಾರೀಕಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು.

ಗಡಿನಾಡ ಆಡಿಯಾಲಜಿಸ್ಟ್

ಅಮ್ಮಾ, ಬರೆದದ್ದಕ್ಕೆ ಧನ್ಯವಾದ. ನೀವು ಹೇಳಿದ ಎರಡು ವಿಷಯ ತರಬೇತಿಯಲ್ಲಿ ಇರಲೇಬೇಕು.

ಮೊದಲನೆಯದು ಭಾಷೆ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಮಗುವಿಗೆ ಮಾತು ಬಾರದೆ ಹೋಗುವುದಿಲ್ಲ. ನಮ್ಮ ಜಿಲ್ಲೆಯ ಅರ್ಧ ಮಕ್ಕಳು ಹಾಗೆಯೇ ಬೆಳೆಯುವುದು, ಅಲ್ವಾ? ಮಾತು ತಡವಾದರೆ ಭಾಷೆಯ ಮೇಲೆ ಹಾಕದೆ ಕಿವಿ ನೋಡಿಸಬೇಕು. ನಮ್ಮ ಊರಿನಲ್ಲಿ ಈ ಒಂದು ನಂಬಿಕೆಯಿಂದಲೇ ತುಂಬಾ ಮಕ್ಕಳ ಸಮಯ ಹೋಗುತ್ತದೆ.

ಎರಡನೆಯದು ತಾರೀಕು. ಲೋಕದಲ್ಲೆಲ್ಲ ಈ ಕೆಲಸಕ್ಕೆ ಇಟ್ಟುಕೊಂಡ ಲೆಕ್ಕ 1-3-6. ಒಂದು ತಿಂಗಳೊಳಗೆ ಸ್ಕ್ರೀನಿಂಗ್ ಮುಗಿಯಬೇಕು, ಮೂರು ತಿಂಗಳೊಳಗೆ ಕೇಳಿಸುತ್ತದೋ ಇಲ್ಲವೋ ಖಚಿತವಾಗಬೇಕು, ಆರು ತಿಂಗಳೊಳಗೆ ಹಿಯರಿಂಗ್ ಏಡ್, ತರಬೇತಿ ಶುರುವಾಗಬೇಕು. ಅಮೆರಿಕದ ಕೊಲೊರಾಡೊದಲ್ಲಿ ನಡೆದು 1998ರಲ್ಲಿ ಹೊರಬಂದ ಅಧ್ಯಯನವೊಂದಿದೆ. ಆರು ತಿಂಗಳೊಳಗೆ ಗೊತ್ತಾಗಿ ಸಹಾಯ ಸಿಕ್ಕ ಮಕ್ಕಳ ಭಾಷೆ, ಆಮೇಲೆ ಗೊತ್ತಾದವರಿಗಿಂತ ಚೆನ್ನಾಗಿ ಬೆಳೆದದ್ದನ್ನು ಅದು ತೋರಿಸಿತು. ಹಾಗಂತ ತಡವಾದವರು ಕೈ ಬಿಡಬೇಕಾಗಿಲ್ಲ. ನಿಮ್ಮ ಮಗಳು ಮಾತಾಡುತ್ತಿದ್ದಾಳೆ, ಅದು ನಿಮ್ಮ ದುಡಿಮೆ.

ಎಣ್ಮಕಜೆ ಆಶಾ

ಪೆರ್ಲದ ಆಚೆ ಅಂದರೆ ನಮ್ಮ ಪಂಚಾಯತ್ ಆಗಿರಬಹುದು ಸಿಸ್ಟರ್. ಹೆಸರು, ಮನೆ ಇಲ್ಲಿ ಹಾಕಬೇಡಿ. ನನಗೆ ಖಾಸಗಿಯಾಗಿ ಕಳಿಸಿ. ನನ್ನ ವಾರ್ಡ್ ಅಲ್ಲದಿದ್ದರೆ ಪಕ್ಕದ ವಾರ್ಡಿನ ಆಶಾ ನನ್ನ ಗೆಳತಿಯೇ.

ನನಗೂ ಎರಡು ಮಾತು ಹೇಳಲಿಕ್ಕಿದೆ. ನೀವು ಆಸ್ಪತ್ರೆಯಲ್ಲಿ ಗಂಡನ ಮನೆಯ ವಿಳಾಸ ಬರೆದುಕೊಳ್ಳುತ್ತೀರಿ. ನಮ್ಮ ಕಡೆ ಬಾಣಂತನ ತವರಿನಲ್ಲಿ. ನಲವತ್ತು ದಿನ, ಕೆಲವರು ಮೂರು ತಿಂಗಳು. ನಿಮಗೆ ಮಗು ಬೇಕಾಗಿರುವುದು ಸರಿಯಾಗಿ ಅದೇ ದಿನಗಳಲ್ಲಿ. ಗಂಡನ ನಂಬರ್ ಬರೆದರೆ ಅದು ದುಬೈಯಲ್ಲಿ ರಿಂಗ್ ಆಗುತ್ತದೆ. ಹಾಗಾಗಿ ತವರಿನ ಅಮ್ಮನ ನಂಬರ್ ಕೇಳಿ. ಆಶಾ ಯಾರು ಅಂತ ಕೇಳಿ. ಯಾವ ಸಬ್ ಸೆಂಟರ್‌ನಲ್ಲಿ ಇಂಜೆಕ್ಷನ್ ಹಾಕಿಸುತ್ತೀರಿ ಅಂತ ಕೇಳಿ. ಆರು ವಾರದ ಇಂಜೆಕ್ಷನ್‌ಗೆ ಮಗು ಬಂದೇ ಬರುತ್ತದೆ. ಎಲ್ಲ ಕಡೆ ತಪ್ಪಿಸಿಕೊಂಡ ಮಗು ಅಲ್ಲಿ ಸಿಗುತ್ತದೆ. ನೀವು ಕಾರ್ಡಿನ ಮೇಲೆ ದೊಡ್ಡದಾಗಿ 'ಕಿವಿ ಬಾಕಿ' ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದರೆ ನಾವು ಹಿಡಿದು ಕಳಿಸುತ್ತೇವೆ.

ಎಣ್ಣೆಯದ್ದೂ ಒಂದಿದೆ. ಮಗುವನ್ನು ಮೀಯಿಸುವ ಹೆಂಗಸರು ಕಿವಿಗೆ ತೆಂಗಿನೆಣ್ಣೆ ಬಿಡುತ್ತಾರೆ. ಎಷ್ಟು ಬೇಡ ಅಂದರೂ ಬಿಡುತ್ತಾರೆ. ಎರಡನೇ ಸಲ ಪರೀಕ್ಷೆಗೆ ಬರುವಾಗ ಕಿವಿ ತುಂಬಾ ಎಣ್ಣೆ. ಡಿಸ್ಚಾರ್ಜ್ ದಿನವೇ ಅಜ್ಜಿಯನ್ನು ಕರೆದು ಹೇಳಿ. ತಾಯಿಗೆ ಹೇಳಿದರೆ ಸಾಲದು, ಮೀಯಿಸುವವರ ಮುಂದೆ ಆ ಹುಡುಗಿಯ ಮಾತು ನಡೆಯುವುದಿಲ್ಲ.

ಕೊನೆಗೆ, ಇದನ್ನು ಹೇಳದೆ ಇರಲಾಗದು. ನಮ್ಮದು ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿದ್ದ ಊರು. ಗೇರು ತೋಟಕ್ಕೆ ಆಕಾಶದಿಂದ ಸಿಂಪಡಿಸುವುದು 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇಡೀ ದೇಶದಲ್ಲಿ ತಡೆಯಿತು. ಆದರೆ ಭಯ ನಿಂತಿಲ್ಲ. ಮಗುವಿನ ಕಿವಿಯಲ್ಲಿ ಏನೋ ಇದೆ ಅಂದ ಕೂಡಲೇ ಇಲ್ಲಿನ ತಾಯಿ ಅದನ್ನೇ ನೆನೆಯುತ್ತಾಳೆ. ಮನೆಯಲ್ಲಿ ಹಾಸಿಗೆ ಹಿಡಿದ ಅಣ್ಣನೋ ಅಕ್ಕನೋ ಇದ್ದರೆ ಕೇಳಲೇ ಬೇಡಿ. ಹೊಸ ಸಿಸ್ಟರ್‌ಗಳು ಬೇರೆ ಜಿಲ್ಲೆಯವರು ಅಂದಿರಿ. ಅವರಿಗೆ ಈ ಕಥೆ ಹೇಳಿ. ರೆಫರ್ ಬಂದ ಕೂಡಲೇ "ಮನೆಯಲ್ಲಿ ಯಾರಿಗಾದರೂ ಹೀಗಿದೆಯಾ" ಅಂತ ಹತ್ತು ಜನರ ಎದುರು ಕೇಳಬಾರದು. ಕಾರಣ ಊಹಿಸಿ ಹೇಳಲೂ ಬಾರದು.

ಮಕ್ಕಳ ಡಾಕ್ಟರ್, ಮಂಗಳೂರು

ಆಶಾ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಮನೆಯಲ್ಲಿ ಚಿಕ್ಕಂದಿನಿಂದ ಕೇಳಿಸದವರು ಇದ್ದಾರೆಯೇ ಅನ್ನುವ ಪ್ರಶ್ನೆ ಮುಖ್ಯವೇ. ಆದರೆ ಅದನ್ನು ಎಲ್ಲ ತಾಯಂದಿರಿಗೂ ಪರೀಕ್ಷೆಗೆ ಮೊದಲೇ, ಒಬ್ಬರೇ ಇರುವಾಗ ಕೇಳಿ ಬರೆದಿಡಬೇಕು.

ನಾನು ಸೇರಿಸುವುದು ಹಸುಗೂಸುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು ಮಕ್ಕಳ ವಿಷಯ. ಸಾಮಾನ್ಯವಾಗಿ ಸಾವಿರ ಮಕ್ಕಳಲ್ಲಿ ಒಬ್ಬರಿಂದ ಮೂವರಿಗೆ ಹುಟ್ಟಿನಿಂದಲೇ ಕೇಳುವ ತೊಂದರೆ ಇರುತ್ತದೆ. ಎನ್‌ಐಸಿಯುನಲ್ಲಿ ಇದ್ದು ಬಂದ ಮಕ್ಕಳಲ್ಲಿ ಇದು ಎಷ್ಟೋ ಪಟ್ಟು ಜಾಸ್ತಿ. ಐದು ದಿನಕ್ಕಿಂತ ಹೆಚ್ಚು ಅಲ್ಲಿದ್ದ ಮಗುವಿಗೆ ಒಎಇ ಒಂದೇ ಸಾಲದು. ಕಾರಣ ಇದು: ಒಎಇ ಕಾಕ್ಲಿಯಾವರೆಗೆ ಮಾತ್ರ ನೋಡುತ್ತದೆ. ಅಲ್ಲಿಂದ ಮೆದುಳಿಗೆ ಹೋಗುವ ನರದಲ್ಲಿ ತೊಂದರೆ ಇದ್ದರೆ ಒಎಇ ಪಾಸ್ ಅನ್ನುತ್ತದೆ, ಮಗುವಿಗೆ ಮಾತ್ರ ಸರಿಯಾಗಿ ಕೇಳಿಸುವುದಿಲ್ಲ. ಕಾಮಾಲೆ ವಿಪರೀತ ಏರಿ ರಕ್ತ ಬದಲಾಯಿಸಬೇಕಾಗಿ ಬಂದ ಮಕ್ಕಳಲ್ಲಿ, ಹುಟ್ಟುವಾಗ ಉಸಿರು ಕಟ್ಟಿದವರಲ್ಲಿ, ತೀರಾ ಅವಧಿಗೆ ಮೊದಲೇ ಹುಟ್ಟಿದವರಲ್ಲಿ ಇದನ್ನು ನೋಡಿದ್ದೇವೆ. ಅಂಥವರಿಗೆ ಎಎಬಿಆರ್ ಬೇಕು. ಹಣೆ, ಕತ್ತಿನ ಬಳಿ ಎಲೆಕ್ಟ್ರೋಡ್ ಅಂಟಿಸಿ, ಸಣ್ಣ ಕ್ಲಿಕ್ ಶಬ್ದಕ್ಕೆ ನರ ಮತ್ತು ಮೆದುಳಿನ ಕಾಂಡ ಸ್ಪಂದಿಸುತ್ತದೆಯೇ ಅಂತ ನೋಡುವುದು.

ಇನ್ನೊಂದು ತಪ್ಪನ್ನು ನಾನು ಕಂಡಿದ್ದೇನೆ. ಎಎಬಿಆರ್‌ನಲ್ಲಿ ರೆಫರ್ ಆದ ಮಗುವನ್ನು ಊರಿಗೆ ಕಳಿಸಿದಾಗ ಅಲ್ಲಿ ಒಎಇ ಮಾಡಿ, ಪಾಸ್ ಬಂತು, ಚಿಂತೆ ಬೇಡ ಅಂದುಬಿಡುತ್ತಾರೆ. ಹಾಗೆ ಮಾಡಲೇಬಾರದು. ಎಎಬಿಆರ್‌ನಲ್ಲಿ ರೆಫರ್ ಆದ ಮಗುವನ್ನು ಎಎಬಿಆರ್‌ನಲ್ಲೇ ಮತ್ತೆ ನೋಡಬೇಕು. ಒಂದೇ ಕಿವಿ ರೆಫರ್ ಆಗಿದ್ದರೂ ಎರಡನೇ ಸಲ ಎರಡೂ ಕಿವಿ ನೋಡಬೇಕು.

ಜೆಂಟಾಮೈಸಿನ್, ಅಮಿಕಾಸಿನ್ ಥರದ ಇಂಜೆಕ್ಷನ್ ಐದು ದಿನಕ್ಕಿಂತ ಹೆಚ್ಚು ಹೋಗಿದ್ದರೆ, ಮೆದುಳುಪೊರೆಯ ಸೋಂಕು ಆಗಿದ್ದರೆ, ಹೊರಕಿವಿ ಅಥವಾ ಮುಖದ ರಚನೆಯಲ್ಲಿ ವ್ಯತ್ಯಾಸ ಇದ್ದರೆ, ಪಾಸ್ ಬಂದ ಮೇಲೂ ಆ ಮಗುವನ್ನು ಕರೆದು ನೋಡುತ್ತಿರಬೇಕು. ಸಿಎಂವಿ ಎಂಬ ಸೋಂಕಿನ ಸಂಶಯ ಇದ್ದರೆ ಹುಟ್ಟಿದ 21 ದಿನದೊಳಗೆ ಮೂತ್ರ ಅಥವಾ ಜೊಲ್ಲಿನ ಪರೀಕ್ಷೆ ಆಗಬೇಕು. ಆಮೇಲೆ ಬಂದರೆ ಹುಟ್ಟುವಾಗಲೇ ಇತ್ತೋ, ನಂತರ ತಗುಲಿತೋ ಹೇಳಲಾಗದು. ಎರಡು ವಾರ ಬಿಟ್ಟು ಬನ್ನಿ ಅನ್ನುವಾಗ ಇದೂ ನೆನಪಿರಲಿ.

ಬದಿಯಡ್ಕ ಸಿಸ್ಟರ್

ನಮ್ಮಲ್ಲಿ ಮೆಷಿನ್ ಇಲ್ಲ. ತಿಂಗಳಿಗೆ ಕೆಲವೇ ಹೆರಿಗೆ ಇರುವ ಆಸ್ಪತ್ರೆಗೆ ಅಷ್ಟು ಹಣ ಹಾಕಿ ಯಾರೂ ತರುವುದಿಲ್ಲ. ತಂದರೂ ವಾರಕ್ಕೊಂದು ಮಗುವಿಗೆ ಮಾಡಿದರೆ ಕೈ ಪಳಗುವುದಿಲ್ಲ. ಇದಕ್ಕೆ ಏನು ದಾರಿ?

ಗಡಿನಾಡ ಆಡಿಯಾಲಜಿಸ್ಟ್

ಸಿಸ್ಟರ್, ದಾರಿ ನಮ್ಮ ರಾಜ್ಯದಲ್ಲೇ ಇದೆ. ಕೊಚ್ಚಿಯಲ್ಲಿ ಮಕ್ಕಳ ಡಾಕ್ಟರುಗಳ ಸಂಘ ಐಎಪಿ 2003ರಲ್ಲೇ ಶುರು ಮಾಡಿತು. ಒಂದು ಮೆಷಿನ್, ಚೆನ್ನಾಗಿ ಕಲಿತ ಒಬ್ಬರು. ಅವರು ಸರದಿಯಂತೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಮಕ್ಕಳನ್ನು ನೋಡುತ್ತಾರೆ. ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯದ ಸಣ್ಣ ಆಸ್ಪತ್ರೆಗಳು ಸೇರಿದರೆ ಇಲ್ಲೂ ಮಾಡಬಹುದು. ದಿನಾ ಮಾಡುವ ಒಬ್ಬರ ಕೈ, ವಾರಕ್ಕೊಮ್ಮೆ ಮಾಡುವ ಹತ್ತು ಜನರ ಕೈಗಿಂತ ನಂಬಿಕೆಯದ್ದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್ ನಮ್ಮ ಮಕ್ಕಳಿಗೆ ತಿರುವನಂತಪುರದ ಅಂಥದ್ದೇ ಸಂಸ್ಥೆ ನಿಶ್‌ಗಿಂತ ಹತ್ತಿರ, ಅಲ್ಲಿ ಕನ್ನಡವೂ ನಡೆಯುತ್ತದೆ. 1965ರಿಂದ ಇರುವ ಸಂಸ್ಥೆ. ಡಿಎಚ್‌ಎಲ್‌ಎಸ್ ಎಂಬ, ಕಿವಿ ಮತ್ತು ಮಾತಿನ ಬಗೆಗಿನ ಒಂದು ವರ್ಷದ ಡಿಪ್ಲೊಮಾ ಅಲ್ಲಿದೆ. ನಮ್ಮ ಗಡಿನಾಡಿನ ಒಬ್ಬ ಹುಡುಗಿ ಅದನ್ನು ಕಲಿತು ಬಂದರೆ ನಾಲ್ಕು ಊರಿಗೆ ಸಾಕು.

ಮುಳ್ಳೇರಿಯ ಮಾಷ್ಟ್ರು

ನನಗೆ ವೈದ್ಯಕೀಯ ಗೊತ್ತಿಲ್ಲ. ಕನ್ನಡ ಶಾಲೆಯ ಮೇಷ್ಟ್ರು. ಕಿವಿ ಕೇಳಿಸದ ಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದಾರೆ. ಒಬ್ಬ ಹುಡುಗನನ್ನು ಎರಡನೇ ತರಗತಿಯವರೆಗೆ ಎಲ್ಲರೂ ಮಂದ ಅಂತಲೇ ಕರೆದರು. ನಾನೂ ಕರೆದಿದ್ದೇನೆ. ಅವನಿಗೆ ಮುಂದಿನ ಬೆಂಚಿನಲ್ಲಿ ಕೂತರೆ ಮಾತ್ರ ಸ್ವಲ್ಪ ಕೇಳಿಸುತ್ತಿತ್ತು. ಆ ತಪ್ಪು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನನ್ನ ವಿನಂತಿ ಎರಡು. ಒಂದು, ಕಾಗದ. ಆಸ್ಪತ್ರೆಯಲ್ಲಿ ಕೊಡುವ ಚೀಟಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕಿನಲ್ಲಿ ಕನ್ನಡದಲ್ಲಿ ಓದಿದ ತಾಯಂದಿರಿದ್ದಾರೆ. ಮುಖ್ಯವಾದ ಒಂದೇ ಒಂದು ಸಾಲು, ಯಾವ ದಿನ, ಎಲ್ಲಿಗೆ, ಯಾಕೆ ಬರಬೇಕು ಅನ್ನುವುದು, ಕನ್ನಡದಲ್ಲೂ ಇರಲಿ. ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ.

ಎರಡು, ಕೇಳಿಸದ ಮಗು ಅಂದರೆ ಮನೆಗೆ ಬಂದ ದುರಂತ ಅನ್ನುವ ಮುಖ ಮಾಡಬೇಡಿ. ನನ್ನ ಚಿಕ್ಕಮ್ಮನ ಮಗನಿಗೆ ಹುಟ್ಟಿನಿಂದ ಕೇಳಿಸುವುದಿಲ್ಲ. ಚೆರ್ಕಳದ ಮಾರ್ಥೋಮ ಕಿವುಡರ ಶಾಲೆಯಲ್ಲಿ ಓದಿದ. ಕೈಸನ್ನೆಯಲ್ಲಿ ಅವನಷ್ಟು ಚೆನ್ನಾಗಿ ಕಥೆ ಹೇಳುವವರು ನಮ್ಮ ಕುಟುಂಬದಲ್ಲಿ ಇಲ್ಲ. ಬೇಗ ಗೊತ್ತಾಗಬೇಕು ಅನ್ನುವುದು ಮಗುವಿಗೆ ಯಾವುದಾದರೂ ಒಂದು ಭಾಷೆ ಬೇಗ ಸಿಗಲಿ ಅಂತ. ಅದು ಮೆಷಿನ್ ಹಾಕಿ ಕೇಳುವ ಮಾತಾಗಲಿ, ಕೈಸನ್ನೆಯಾಗಲಿ, ಎರಡೂ ಆಗಲಿ.

ಕುಂಬಳೆಯ ತಾಯಿ

ಮಾಷ್ಟ್ರೇ, ನೀವು ಬರೆದುಕೊಡುವ ಸಾಲು ಸಿಕ್ಕಿದರೆ ತುಳುವಿಗೆ ನಾನು ಹಾಕಿಕೊಡುತ್ತೇನೆ.

ಉಪ್ಪಳ ಸಿಸ್ಟರ್

ಎರಡು ವಾರ ಕಳೆಯಿತು. ತರಬೇತಿ ಆಯಿತು. ಹೇಗಾಯಿತು ಅಂತ ಬರೆಯುತ್ತೇನೆ, ಬೇರೆ ಯಾರಿಗಾದರೂ ಉಪಯೋಗ ಆಗಲಿ.

ಮೊದಲ ದಿನ ಬೆಳಿಗ್ಗೆ ಮೆಷಿನ್ ಮುಟ್ಟಲಿಲ್ಲ. ಕುಂಬಳೆಯ ಅಕ್ಕ ಇಲ್ಲಿ ಬರೆದದ್ದನ್ನು ನಾನು ಮಲಯಾಳಕ್ಕೆ ತಿರುಗಿಸಿ ಓದಿದೆ. ಜೋಗುಳದ ಮಾತು ಬಂದಾಗ ನನಗೇ ಓದಲಾಗಲಿಲ್ಲ. ಚೀಟಿ ಕೊಡದೆ ಕಳಿಸಿದ್ದ ಹುಡುಗಿ ಮುಂದಿನದನ್ನು ಓದಿ ಮುಗಿಸಿದಳು.

ಮಧ್ಯಾಹ್ನದಿಂದ ಪ್ರೋಬ್. ಹೊಸಬರು ಮೊದಲು ಒಬ್ಬರ ಕಿವಿಗೆ ಒಬ್ಬರು ಟಿಪ್ ಇಟ್ಟುಕೊಂಡರು. ಒತ್ತಿದರೆ ಎಷ್ಟು ಇರುಸುಮುರುಸಾಗುತ್ತದೆ ಅಂತ ತಮಗೇ ಗೊತ್ತಾಗಲಿ ಅಂತ. ಆಮೇಲೆ ಮಕ್ಕಳು. ಪ್ರತಿಯೊಬ್ಬರೂ ನನ್ನ ಪಕ್ಕದಲ್ಲಿ ನಿಂತು ಮಾಡಿದರು. ಯಾರ ಕೈಗೂ ಇನ್ನೂ ಒಬ್ಬರೇ ಮಾಡಲು ಬಿಟ್ಟಿಲ್ಲ. ಹಾಲೂಡಿಸಿ, ತೇಗಿಸಿ, ಮಲಗಿಸಿ ಕಾಯುವುದೇ ದೊಡ್ಡ ಕೆಲಸ. ಪರೀಕ್ಷೆ ಮುಗಿಯಲು ಕೆಲವೇ ನಿಮಿಷ ಸಾಕು, ಮಗು ಮಲಗಲು ಮುಕ್ಕಾಲು ಗಂಟೆ. ಡ್ಯೂಟಿ ಹಾಕುವಾಗ ಆ ಮುಕ್ಕಾಲು ಗಂಟೆ ಲೆಕ್ಕಕ್ಕೆ ಬರಬೇಕು ಅಂತ ಡಾಕ್ಟರ ಹತ್ತಿರ ಹೇಳಿ ಒಪ್ಪಿಸಿದೆ. ಹಳೆಯ ಲಿನನ್ ರೂಮನ್ನು ಖಾಲಿ ಮಾಡಿ ಕೊಟ್ಟಿದ್ದಾರೆ. 24 ಗಂಟೆಗೆ ಮೊದಲು ಮಾಡುವುದನ್ನು ನಿಲ್ಲಿಸಿದ ಮೇಲೆ ರೆಫರ್ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ.

ಎರಡನೇ ದಿನ ಪೂರ್ತಿ ಮಾತು. ಇದಕ್ಕೆ ಒಂದು ದಿನ ಬೇಕಾ ಅಂತ ನಾನೇ ಅಂದುಕೊಂಡಿದ್ದೆ, ಸಾಲಲಿಲ್ಲ. ಒಬ್ಬಳು ಸಿಸ್ಟರ್, ಒಬ್ಬಳು ಬಾಣಂತಿ, ಒಬ್ಬಳು ಅತ್ತೆ ಆಗಿ ಹೇಳಿಸಿದೆ. 'ಫೇಲ್' ಅನ್ನುವ ಮಾತು ಬೇಡ. 'ಕಿವುಡು' ಅನ್ನುವುದೂ ಬೇಡ, ಅದು ನಮಗೆ ಇನ್ನೂ ಗೊತ್ತಿಲ್ಲ. 'ಏನಿಲ್ಲ' ಅನ್ನುವುದೂ ಬೇಡ, ಅದೂ ಗೊತ್ತಿಲ್ಲ. ಹೇಳಬೇಕಾದದ್ದು ಇಷ್ಟು: "ಇವತ್ತು ಈ ಕಿವಿಯಿಂದ ನಮಗೆ ಬೇಕಾದ ಉತ್ತರ ಸಿಗಲಿಲ್ಲ. ಹುಟ್ಟಿದ ಹೊಸದರಲ್ಲಿ ಹೀಗಾಗುವುದುಂಟು. ಕೆಲವು ಮಕ್ಕಳಿಗೆ ನಿಜವಾಗಿ ಕೇಳಿಸುವ ತೊಂದರೆ ಇರುವುದೂ ಉಂಟು. ಯಾವುದು ಅಂತ ತಿಳಿಯಲು ಇನ್ನೊಮ್ಮೆ ನೋಡಲೇಬೇಕು. ಇದು ತಾರೀಕು, ಇದು ನನ್ನ ಹೆಸರು. ನೀವು ಬರದಿದ್ದರೆ ನಾನು ಫೋನ್ ಮಾಡುತ್ತೇನೆ."

ಪಾಸ್ ಬಂದವರಿಗೂ ಒಂದು ಮಾತು ಇಟ್ಟಿದ್ದೇವೆ. ಇವತ್ತು ಸರಿ ಇದೆ. ಆದರೆ ಆರು ತಿಂಗಳಾದರೂ ಶಬ್ದ ಬಂದ ಕಡೆ ತಿರುಗದಿದ್ದರೆ, ವರ್ಷವಾದರೂ ಅಮ್ಮ, ತಾತ ಅನ್ನದಿದ್ದರೆ, ಪಾಸ್ ಚೀಟಿ ಇದೆ ಅಂತ ಸುಮ್ಮನಿರಬೇಡಿ, ಕರೆದುಕೊಂಡು ಬನ್ನಿ.

ಮಾಷ್ಟ್ರು ಬರೆದುಕೊಟ್ಟ ಸಾಲು ಈಗ ಗೋಡೆಯ ಮೇಲಿದೆ. ಮಲಯಾಳದ ಹುಡುಗಿಯರು ದಿನಾ ಬೆಳಿಗ್ಗೆ ಓದಿ ಬಾಯಿಪಾಠ ಮಾಡುತ್ತಾರೆ. ಕನ್ನಡದಲ್ಲಿ "ಮಗುವಿನ ಕಿವಿ ಇನ್ನೊಮ್ಮೆ ನೋಡಬೇಕು". ತುಳುವಿನಲ್ಲಿ "ಬಾಲೆದ ಕೆಬಿ ನನೊರ ತೂವೊಡು". ಹವ್ಯಕರ ಮನೆಯವರಿಗೆ "ಬಾಬೆಯ ಕೆಮಿ ಇನ್ನೊಂದರಿ ನೋಡೆಕ್ಕು". ಕೊಲ್ಲಂ ಕಡೆಯ ಒಬ್ಬ ಹುಡುಗಿ ನಿನ್ನೆ ಒಬ್ಬ ಅಜ್ಜಿಗೆ ತುಳುವಿನಲ್ಲಿ ಹೇಳಿದಳು. ಉಚ್ಚಾರ ಸ್ವಲ್ಪ ಆಚೀಚೆ ಆಗಿತ್ತು. ಅಜ್ಜಿ ಅವಳ ಕೈ ಹಿಡಿದುಕೊಂಡು, ಯಾವ ದಿನ ಬರಬೇಕು ಮಗಳೇ ಅಂತ ಕೇಳಿದರು.

ರಿಜಿಸ್ಟರ್‌ನಲ್ಲಿ ತವರಿನ ನಂಬರ್, ಆಶಾ, ಸಬ್ ಸೆಂಟರ್ ಮೂರಕ್ಕೂ ಕಾಲಂ ಹಾಕಿದೆ. ಹೆರಿಗೆ ಮಂಗಳೂರಿನಲ್ಲಾಗಿ ಮನೆ ಇಲ್ಲಿರುವ ಮಕ್ಕಳಿಗೂ ಬೇರೆ ಪುಟ ಇಟ್ಟಿದ್ದೇನೆ. ಅಲ್ಲಿಯ ಪಟ್ಟಿ ಕರ್ನಾಟಕದ್ದು, ಇಲ್ಲಿಯದು ಕೇರಳದ್ದು. ಆ ಮಕ್ಕಳು ಎರಡೂ ಕಡೆ ಇಲ್ಲದೆ ಹೋಗುತ್ತಾರೆ. ನಮ್ಮ ಹೊರರೋಗಿ ವಿಭಾಗಕ್ಕೆ ಇಂಜೆಕ್ಷನ್‌ಗೆ ಅಂತ ಬಂದರೂ ಸರಿ, ಕಿವಿ ನೋಡಿಸಿದ್ದೀರಾ ಅಂತ ಕೇಳುತ್ತೇವೆ.

ಎಣ್ಮಕಜೆ ಆಶಾ

ಸಿಸ್ಟರ್, ಆ ಮಗುವಿನ ವಿಷಯ ನೀವೇ ಬರೆಯಿರಿ. ಎಲ್ಲರೂ ಕಾಯುತ್ತಿರಬಹುದು.

ಉಪ್ಪಳ ಸಿಸ್ಟರ್

ಹೌದು. ಮಗು ಸಿಕ್ಕಿತು. ಆಶಾ ಅಕ್ಕ ಗುಡ್ಡ ಹತ್ತಿ ಎರಡು ಸಲ ಆ ಮನೆಗೆ ಹೋದರು. ಮೊದಲ ಸಲ ಮನೆಯವರು ಒಪ್ಪಲಿಲ್ಲ, ಎರಡನೇ ಸಲ ಅಜ್ಜಿ ಒಪ್ಪಿದರು. ಮೊನ್ನೆ ಕರೆದುಕೊಂಡು ಬಂದರು. ಮಗುವಿಗೆ ಅಂದಿಗೆ 26 ದಿನ. ಕಿವಿಗೆ ಎಣ್ಣೆ ಬಿಟ್ಟಿರಲಿಲ್ಲ, ಅದನ್ನೂ ಅಕ್ಕನೇ ನಿಲ್ಲಿಸಿದ್ದು. ಅಂದು ಚೀಟಿ ಕೊಡದೆ ಕಳಿಸಿದ್ದ ಹುಡುಗಿಯೇ ಪರೀಕ್ಷೆ ಮಾಡಿದಳು, ನಾನು ಪಕ್ಕದಲ್ಲಿದ್ದೆ. ಬಲ ಕಿವಿ ಪಾಸ್. ಎಡ ಕಿವಿ ಎರಡು ಸಲವೂ ರೆಫರ್. ಮೂರನೇ ಸಲ ಅವಳು ಹಾಕಲಿಲ್ಲ. ತಾಯಿಯ ಹತ್ತಿರ ಕೂತು, ಗೋಡೆ ನೋಡದೆ, ಎಲ್ಲವನ್ನೂ ಹೇಳಿದಳು. ಮೊದಲ ಸಲ ಹೇಳದೆ ಕಳಿಸಿದ್ದು ತನ್ನ ತಪ್ಪು ಅಂತಲೂ ಹೇಳಿದಳು.

ಆಡಿಯಾಲಜಿಸ್ಟ್ ಸರ್ ಬೆರಾ ಟೆಸ್ಟಿಗೆ ಗುರುವಾರ ಬೆಳಿಗ್ಗೆ ಸಮಯ ಕೊಟ್ಟಿದ್ದಾರೆ. ತಾಯಿ, ಅಜ್ಜಿ, ಆಶಾ ಅಕ್ಕ ಪೆರ್ಲದಿಂದ ಏಳು ಗಂಟೆಯ ಬಸ್ಸಿಗೆ ಹೊರಡುತ್ತಾರೆ. ನಮ್ಮ ಹುಡುಗಿ ಆ ದಿನ ರಜೆ ಹಾಕಿದ್ದಾಳೆ. ಅವರ ಜೊತೆ ಹೋಗುತ್ತಾಳಂತೆ.